ಸ್ಲಿಟ್‌ಗೆ ಕೈ ಹಾಕುವ ಮುನ್ನ: ಎಕ್ಸ್-ರೇ ಬೀಮ್ ಅಲೈನ್ ಮಾಡುವ ಬಗೆ

ನಾನು ನೋಡಿಕೊಳ್ಳುವುದು ಒಂದು ಸ್ಯಾಕ್ಸ್ ಯಂತ್ರ. ಎಕ್ಸ್-ರೇ ತೀರಾ ಸಣ್ಣ ಕೋನದಲ್ಲಿ ಎಷ್ಟು ಚದುರುತ್ತದೆ ಎಂದು ಅಳೆಯುವುದು ಅದರ ಕೆಲಸ. ಕಲಿಯಲು ಬಂದವರು ಮೊದಲಿಗೇ ಕೇಳುತ್ತಾರೆ, "ಬೀಮ್ ಎಷ್ಟು ಸಣ್ಣ ಮಾಡಬಹುದು?" ನಾನು ತಿರುಗಿ ಕೇಳುತ್ತೇನೆ: ಎಲ್ಲಿ ಸಣ್ಣ ಬೇಕು? ಸ್ಯಾಂಪಲ್ ಮೇಲಾ, ಡಿಟೆಕ್ಟರ್ ಮೇಲಾ?

ಎರಡೂ ಬೇಕು ಅಂದರೆ ಎಣಿಕೆ, ಅಂದರೆ ಡಿಟೆಕ್ಟರ್ ಎಣಿಸುವ ಕಿರಣದ ಪ್ರಮಾಣ, ಕಳೆದುಕೊಳ್ಳಬೇಕು. ಕನ್ನಡಿ ಇಟ್ಟು ಬೀಮನ್ನು ಒಂದು ಬಿಂದುವಿಗೆ ಒತ್ತಿದಷ್ಟೂ ಅದು ಆ ಬಿಂದು ದಾಟಿದ ಮೇಲೆ ಹೆಚ್ಚು ಹರಡುತ್ತದೆ. ಇದರಿಂದ ತಪ್ಪಿಸಿಕೊಳ್ಳುವ ಕನ್ನಡಿಯೂ ಇಲ್ಲ, ಲೆನ್ಸೂ ಇಲ್ಲ. ಸ್ಲಿಟ್ (ಬ್ಲೇಡ್‌ಗಳ ನಡುವಿನ ಸಣ್ಣ ಕಿಂಡಿ) ಮಾಡುವುದಂತೂ ಬೇಡದ ಕಿರಣವನ್ನು ಎಸೆಯುವ ಕೆಲಸ, ಅಷ್ಟೇ. ಸ್ಯಾಂಪಲ್ ಒಂದು ಚುಕ್ಕೆಯಷ್ಟಿದ್ದರೆ ಫೋಕಸ್ ಅಲ್ಲಿಗೆ ತನ್ನಿ. ಕಣ ದೊಡ್ಡದಾದಷ್ಟೂ ಕಿರಣ ಚದುರುವ ಕೋನ ಸಣ್ಣ, ಹಾಗಾಗಿ ದೊಡ್ಡ ಕಣಗಳನ್ನು ಅಳೆಯಬೇಕಿದ್ದರೆ ಬೀಮ್ ಡಿಟೆಕ್ಟರ್ ಮೇಲೆ ಸಣ್ಣದಾಗಿರಲಿ.

ಇದಕ್ಕೊಂದು ಲೆಕ್ಕ. 0.5 ಮಿ.ಮೀ. ಅಗಲದ ಎರಡು ಸ್ಲಿಟ್, ನಡುವೆ 1 ಮೀಟರ್. ಎರಡೂ ಅಗಲ ಕೂಡಿಸಿ ದೂರದಿಂದ ಭಾಗಿಸಿ: ಬೀಮ್ ಹೆಚ್ಚೆಂದರೆ 1 ಮಿಲಿರೇಡಿಯನ್, ಅಂದರೆ ಮೀಟರಿಗೆ 1 ಮಿ.ಮೀ., ಹರಡುತ್ತದೆ. ಎರಡನೇ ಸ್ಲಿಟ್‌ನಿಂದ ಇನ್ನೊಂದು ಮೀಟರ್ ಹೋದರೆ ಅಗಲ 1.5 ಮಿ.ಮೀ. ಆಗಿರುತ್ತದೆ. ಹಾಗಾಗಿ ನೇರ ಬೀಮ್ ಡಿಟೆಕ್ಟರ್‌ಗೆ ಬೀಳದಂತೆ ತಡೆಯುವ ತುಂಡು, ಅಂದರೆ ಬೀಮ್‌ಸ್ಟಾಪ್, ಅದಕ್ಕಿಂತ ದೊಡ್ಡದಿರಬೇಕು. 3 ಮಿ.ಮೀ. ವ್ಯಾಸದ್ದನ್ನು ಸ್ಯಾಂಪಲ್‌ನಿಂದ 1 ಮೀಟರ್ ದೂರದಲ್ಲಿಟ್ಟರೆ, ಎಕ್ಸ್-ರೇ ಹೊರಡಿಸುವ ತಾಮ್ರದ ಟ್ಯೂಬಿನ 1.54 ಆಂಗ್‌ಸ್ಟ್ರಾಮ್ (0.154 ನ್ಯಾನೋಮೀಟರ್) ಅಲೆಯುದ್ದದ ಕಿರಣದಲ್ಲಿ ಸುಮಾರು 100 ನ್ಯಾನೋಮೀಟರ್‌ವರೆಗಿನ ರಚನೆ ಕಾಣಬಹುದು. ಅದಕ್ಕಿಂತ ದೊಡ್ಡದು ಬೀಮ್‌ಸ್ಟಾಪ್ ಹಿಂದೆ ಅಡಗಿಕೊಳ್ಳುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆ ಯಾರೂ ಮೋಟರ್ ಓಡಿಸಬಾರದು ಅನ್ನುವುದು ನನ್ನ ಹಟ.

ಈಗ ಕೆಲಸಕ್ಕೆ ಬನ್ನಿ. ಟ್ಯೂಬ್ ಆನ್ ಮಾಡಿ ಸುಮಾರು ಒಂದು ಗಂಟೆ ಬಿಡಿ. ಬಿಸಿ ಏರುವಾಗ ಬೀಮ್ ಜರುಗುತ್ತಿರುತ್ತದೆ, ಆಗ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಇಂಟರ್‌ಲಾಕ್ (ಬಾಗಿಲು ತೆರೆದರೆ ಕಿರಣ ನಿಲ್ಲಿಸುವ ಸುರಕ್ಷತಾ ವ್ಯವಸ್ಥೆ) ಬೈಪಾಸ್ ಮಾಡಿ ಬಾಗಿಲು ತೆಗೆದು ನೋಡುವ ಚಾಳಿ ಬೇಡವೇ ಬೇಡ. ನೋಡಲು ಡಿಟೆಕ್ಟರ್ ಇದೆ, ಅದರ ಮುಂದೆ ಕಿರಣವನ್ನು ತಗ್ಗಿಸುವ ತಡೆ, ಅಂದರೆ ಅಟೆನ್ಯುಯೇಟರ್, ಇರಲಿ. ಕಿರಣ ಹೋಗುವ ದಾರಿ ವ್ಯಾಕ್ಯೂಮ್‌ನಲ್ಲಿರಬೇಕು. 1 ಮೀಟರ್ ಗಾಳಿ ದಾಟುವಷ್ಟರಲ್ಲಿ ಈ ಕಿರಣ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಗಾಳಿ ಸುಮ್ನೆ ನುಂಗುವುದಿಲ್ಲ, ಚದುರಿಸುತ್ತದೆ ಕೂಡ.

ಎಲ್ಲ ಸ್ಲಿಟ್ ಪೂರ್ತಿ ತೆರೆದು ಕನ್ನಡಿಯಿಂದ ಶುರು ಮಾಡಿ. ಕನ್ನಡಿಯನ್ನು 0.01 ಡಿಗ್ರಿ ತಿರುಗಿಸಿದರೆ ಪ್ರತಿಫಲಿತ ಬೀಮ್ 0.02 ಡಿಗ್ರಿ ತಿರುಗುತ್ತದೆ. 1.5 ಮೀಟರ್ ದೂರದಲ್ಲಿ ಅದು ಅರ್ಧ ಮಿಲಿಮೀಟರ್! ಆದ್ದರಿಂದ ಹೆಜ್ಜೆ ಚಿಕ್ಕದಿರಲಿ. ಎತ್ತರವನ್ನು ಒಂದು ಹೆಜ್ಜೆ ಬದಲಿಸಿ, ಕೋನ ಸ್ಕ್ಯಾನ್ ಮಾಡಿ, ಗರಿಷ್ಠ ಎಣಿಕೆ ಬರೆದುಕೊಳ್ಳಿ. ಮತ್ತೆ ಎತ್ತರ, ಮತ್ತೆ ಕೋನ. ಎರಡು ಮೋಟರ್ ಒಟ್ಟಿಗೆ ಮುಟ್ಟಬೇಡಿ. ಸ್ಕ್ರೂನಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಹಾಗಾಗಿ ಪ್ರತಿ ಸಲವೂ ಒಂದೇ ದಿಕ್ಕಿನಿಂದ ಜಾಗಕ್ಕೆ ತನ್ನಿ. ಎಣಿಕೆ ಮಾತ್ರ ನೋಡಿ ಖುಷಿಪಡಬೇಡಿ, ಬೀಮಿನ ಆಕಾರವನ್ನೂ ನೋಡಿ. ಬಾಲ ಬೆಳೆಸಿಕೊಂಡ ದೊಡ್ಡ ಎಣಿಕೆಗಿಂತ ಗುಂಡಗಿರುವ ಸ್ವಲ್ಪ ಕಡಿಮೆ ಎಣಿಕೆಯೇ ನನಗಿಷ್ಟ.

ಆಮೇಲೆ ಮೊದಲ ಸ್ಲಿಟ್, ನಂತರ ಎರಡನೆಯದು. ಸ್ಯಾಂಪಲ್ ಜಾಗದಲ್ಲಿ ಒಂದು ಚೂಪಾದ ಲೋಹದ ಅಂಚನ್ನು ಬೀಮಿಗೆ ಅಡ್ಡ ಸರಿಸುತ್ತಾ ಎಣಿಕೆ ತೆಗೆದರೆ ಅಗಲ ಸಿಗುತ್ತದೆ. ಬೀಮ್ ಗಾಸಿಯನ್ (ಗಂಟೆಯಂಥ) ಆಕಾರದ್ದಾದರೆ, ಎಣಿಕೆ ನೂರಕ್ಕೆ 12ರಿಂದ 88ಕ್ಕೆ ಏರುವಷ್ಟು ದೂರವೇ ಅರ್ಧ ಎತ್ತರದಲ್ಲಿನ ಅಗಲ.

ನಿಜವಾದ ತಾಳ್ಮೆ ಬೇಕಾಗುವುದು ಗಾರ್ಡ್ ಸ್ಲಿಟ್‌ನಲ್ಲಿ. ಬೀಮನ್ನು ಕತ್ತರಿಸುವ ಸ್ಲಿಟ್‌ನ ಅಂಚು ತಾನೂ ಕಿರಣ ಚದುರಿಸುತ್ತದೆ. ಆ ಕೊಳೆಯನ್ನು ತಡೆಯಲು ಸ್ಯಾಂಪಲ್‌ಗೆ ಸ್ವಲ್ಪ ಮೊದಲು ಗಾರ್ಡ್ ಇಡುವುದು. ಆದರೆ ಗಾರ್ಡ್ ಬೀಮನ್ನು ಮುಟ್ಟಬಾರದು, ಮುಟ್ಟಿದರೆ ಅದೇ ಹೊಸ ಕೊಳೆ. ಮೇಲಿನ ಲೆಕ್ಕದಲ್ಲಿ ಎರಡನೇ ಸ್ಲಿಟ್‌ನಿಂದ 20 ಸೆಂ.ಮೀ. ಮುಂದೆ ಬೀಮ್ 0.7 ಮಿ.ಮೀ. ಅಗಲ ಇರುತ್ತದೆ, ಅಂದರೆ ಗಾರ್ಡ್ 0.8ರ ಆಸುಪಾಸು. ಒಂದೊಂದೇ ಬ್ಲೇಡ್ ಒಳಗೆ ತನ್ನಿ. ಎಣಿಕೆ ಇಳಿಯಲು ಶುರುವಾದ ಕಡೆ ನಿಲ್ಲಿಸಿ, 50 ಮೈಕ್ರಾನ್ ಹಿಂದಕ್ಕೆ ಎಳೆಯಿರಿ. ನಾಲ್ಕೂ ಆದ ಮೇಲೆ ಬೀಮ್‌ಸ್ಟಾಪ್ ಹಾಕಿ ಅಟೆನ್ಯುಯೇಟರ್ ತೆಗೆಯಿರಿ. ಸ್ಯಾಂಪಲ್ ಇಲ್ಲದೆ ಕೆಲವು ನಿಮಿಷದ ಚಿತ್ರ ತೆಗೆದು ಲಾಗ್ ಸ್ಕೇಲ್‌ನಲ್ಲಿ (ಮಂಕಾದದ್ದೂ ಎದ್ದು ಕಾಣುವ ಅಳತೆಯಲ್ಲಿ) ನೋಡಿ. ಮಾಮೂಲಿ ಸ್ಕೇಲ್‌ನಲ್ಲಿ ಎಲ್ಲ ಬೀಮೂ ಚೆನ್ನಾಗೇ ಕಾಣುತ್ತದೆ! ಲಾಗ್‌ನಲ್ಲಿ ಬೀಮ್‌ಸ್ಟಾಪ್ ಪಕ್ಕ ಬೆಕ್ಕಿನ ಮೀಸೆಯಂಥ ಗೆರೆಗಳು ಕಂಡರೆ ಯಾವುದೋ ಅಂಚು ಚದುರಿಸುತ್ತಿದೆ. ಗೆರೆ ಅಂಚಿಗೆ ಲಂಬವಾಗಿ ಚಾಚುತ್ತದೆ. ಅಡ್ಡ ಗೆರೆಯಾದರೆ ಎಡ-ಬಲದ ಬ್ಲೇಡ್ ಹಿಡಿಯಿರಿ, ಉದ್ದ ಗೆರೆಯಾದರೆ ಮೇಲೆ-ಕೆಳಗಿನದು. ಆ ಬ್ಲೇಡನ್ನು 10 ಮೈಕ್ರಾನ್ ಒಳಗೆ ತಂದಾಗ ಗೆರೆ ಮಂಕಾದರೆ ಕೊಳೆ ಹಿಂದಿನ ಸ್ಲಿಟ್‌ನದು, ಇನ್ನೂ ತನ್ನಿ. ಹೊಳಪು ಜಾಸ್ತಿಯಾದರೆ ಗಾರ್ಡೇ ಬೀಮಿಗೆ ತಾಗಿದೆ, ಹಿಂದಕ್ಕೆ ಎಳೆಯಿರಿ. ಅಂಚಿಗೆ ಸಿಲಿಕಾನ್ ಅಥವಾ ಜರ್ಮೇನಿಯಂ ಹರಳು ಕೂರಿಸಿದ ಸ್ಕ್ಯಾಟರ್‌ಲೆಸ್ ಸ್ಲಿಟ್‌ಗಳಿದ್ದರೆ ಈ ಗೋಳು ಬಹಳ ಕಡಿಮೆ.

ಲೆನ್ಸ್ ಯಾಕಿಲ್ಲ ಅಂತ ಕೇಳುವವರೂ ಇದ್ದಾರೆ. ಇದೆ. ಎಕ್ಸ್-ರೇಗೆ ವಸ್ತುವಿನ ವಕ್ರೀಭವನ ಅಂಕ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಹಾಗಾಗಿ ಫೋಕಸ್ ಮಾಡುವುದು ಒಳಗೆ ತಗ್ಗಿದ ಲೆನ್ಸ್. ಒಂದು ಲೆನ್ಸಿನಿಂದ ಏನೂ ಆಗದು, ಸಾಲಾಗಿ ಬೇಕು. 1996ರಲ್ಲಿ ಸ್ನಿಗಿರೆವ್ ಮತ್ತು ಸಂಗಡಿಗರು ಅಲ್ಯೂಮಿನಿಯಂ ತುಂಡಿನಲ್ಲಿ ಸಾಲಾಗಿ ತೂತು ಕೊರೆದು ಇದನ್ನು ಮಾಡಿ ತೋರಿಸಿದರು. ತೀರಾ ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರವಾದ ಸಿಂಕ್ರೊಟ್ರಾನ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಪ್ರಯೋಗಾಲಯದ ತಾಮ್ರದ ಟ್ಯೂಬಿಗೆ ನಾನು ಕನ್ನಡಿಯನ್ನೇ ಹೇಳುತ್ತೇನೆ.

ನ್ಯೂಟ್ರಾನ್ ಬೀಮ್ ಕಡೆ ಹೋಗುವವರಿಗೆ ಸ್ಲಿಟ್ ಲೆಕ್ಕ ಇದೇ, ಸ್ವಭಾವ ಬೇರೆ. ಅಲ್ಲಿ ಮೂಲ ದೊಡ್ಡದು, ಎಣಿಕೆ ಬಡತನ. ಎರಡೂ ಕಿಂಡಿಗಳ ಅಗಲ-ಎತ್ತರ ಅರ್ಧಕ್ಕೆ ಇಳಿಸಿದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ತಡೆಯಲು ಸೀಸ ಸಾಲದು. ಕ್ಯಾಡ್ಮಿಯಂ, ಗ್ಯಾಡೊಲಿನಿಯಂ ಅಥವಾ ಬೋರಾನ್ ಕಾರ್ಬೈಡ್ ಬೇಕು. ಇನ್ನೊಂದು ತಮಾಷೆ ಏನೆಂದರೆ ನ್ಯೂಟ್ರಾನ್ ಕೆಳಗೆ ಬೀಳುತ್ತದೆ. 10 ಆಂಗ್‌ಸ್ಟ್ರಾಮ್ ನ್ಯೂಟ್ರಾನ್ ಸೆಕೆಂಡಿಗೆ 400 ಮೀಟರ್‌ನಷ್ಟು ಓಡುತ್ತದೆ, 10 ಮೀಟರ್ ಹೋಗುವಷ್ಟರಲ್ಲಿ 3 ಮಿ.ಮೀ. ಇಳಿದಿರುತ್ತದೆ. ಅಲೆಯುದ್ದ ಬದಲಿಸಿದಾಗಲೆಲ್ಲ ಬೀಮ್‌ಸ್ಟಾಪ್‌ನ ಎತ್ತರ ಮತ್ತೆ ನೋಡಬೇಕು. ಲೇಸರ್ ಹಾಕಿ ಅಲೈನ್ ಮಾಡಿ ಕೈತೊಳೆದುಕೊಳ್ಳುವ ಹಾಗಿಲ್ಲ, ಅಲ್ವಾ?

ಎಲ್ಲ ಮುಗಿದ ಮೇಲೆ ಸಿಲ್ವರ್ ಬೆಹನೇಟ್ (ಅಳತೆ ಸರಿಪಡಿಸಲು ಬಳಸುವ ಪುಡಿ) ಇಟ್ಟು ಒಂದು ಚಿತ್ರ ತೆಗೆಯಿರಿ. ಅದರ ಪದರಗಳ ಅಂತರ 58.38 ಆಂಗ್‌ಸ್ಟ್ರಾಮ್, ಉಂಗುರಗಳಿಂದ ಡಿಟೆಕ್ಟರ್ ದೂರ ಮತ್ತು ಬೀಮಿನ ನಡು ಎರಡೂ ಸಿಗುತ್ತವೆ. ಎಲ್ಲ ಮೋಟರ್ ಅಂಕಿ, ಟ್ಯೂಬಿನ ಕರೆಂಟ್, ನೇರ ಬೀಮಿನ ಎಣಿಕೆ ಲಾಗ್‌ಬುಕ್‌ನಲ್ಲಿ ಬರೆದಿಡಿ. ಮಾರನೇ ದಿನ ಎಣಿಕೆ ಕಡಿಮೆ ಬಂದರೆ ಕನ್ನಡಿಗೆ ಕೈ ಹಾಕಬೇಡಿ. ಮೊದಲು ವ್ಯಾಕ್ಯೂಮ್ ನೋಡಿ, ಆಮೇಲೆ ಕರೆಂಟ್, ಆಮೇಲೆ ಯಾರಾದರೂ ಅಟೆನ್ಯುಯೇಟರ್ ತೆಗೆಯಲು ಮರೆತಿದ್ದಾರಾ ಅಂತ.