ಹಸಿರು ಊರಿನ ಬೆಂಕಿ ಕಾಲ: ಚಿಕ್ಕಮಗಳೂರಿಗೆ ಹೊಸದಾಗಿ ಬಂದವರಿಗೆ

ವರ್ಗವಾಗಿಯೋ ಎಸ್ಟೇಟ್ ಕೆಲಸಕ್ಕೋ ಈ ಊರಿಗೆ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಮಳೆ ಬಗ್ಗೆ. ಬಟ್ಟೆ ಒಣಗುತ್ತದಾ, ಜಿಗಣೆ ಕಾಟ ಜಾಸ್ತಿನಾ ಅಂತ. ಬೆಂಕಿ ಬಗ್ಗೆ ಯಾರೂ ಕೇಳುವುದಿಲ್ಲ. ಇಷ್ಟು ಹಸಿರಿರುವ ಜಾಗ, ಯಾರಿಗೆ ತಾನೇ ಹೊಳೆಯುತ್ತದೆ ಅಲ್ವಾ? ಸಂಕ್ರಾಂತಿ ಕಳೆದು ಒಂದು ತಿಂಗಳಾದ ಮೇಲೆ ಮುಳ್ಳಯ್ಯನಗಿರಿ ಕಡೆ ನೋಡಿ. ಗುಡ್ಡದ ಹುಲ್ಲೆಲ್ಲ ಒಣಗಿ ಕೆಂಚಗಾಗಿರುತ್ತದೆ. ಅಲ್ಲಿಂದ ಒಳ್ಳೆ ಮಳೆ ಬೀಳುವವರೆಗೆ ಒಂದು ಕಿಡಿ ಸಾಕು.

ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ ಅನ್ನುವ ಮಾತು ನಿಮ್ಮ ಕಿವಿಗೂ ಬೀಳಬಹುದು. ಅದನ್ನು ನಂಬಿಕೊಂಡು ಕೂರಬೇಡಿ. ಇಲ್ಲಿ ಸಿಡಿಲು ಕೂಡ ಸಾಮಾನ್ಯವಾಗಿ ಮಳೆ ಜೊತೆಗೇ ಬರುತ್ತದೆ. ನಮ್ಮ ಕಾಡಿನ ಬೆಂಕಿ ಹೆಚ್ಚೂಕಡಿಮೆ ಎಲ್ಲವೂ ಮನುಷ್ಯರು ಹಚ್ಚಿದ್ದು. ಎಸೆದ ಬೀಡಿ ತುಂಡು, ಗಾಡಿ ನಿಲ್ಲಿಸಿ ಮಾಡಿದ ಅಡುಗೆ, ದನಕ್ಕೆ ಹೊಸ ಹುಲ್ಲು ಚಿಗುರಲಿ ಅಂತ ಇಟ್ಟ ಬೆಂಕಿ, ತೋಟದಂಚಿನಲ್ಲಿ ಸುಟ್ಟ ದರಗು. ದರಗು ಅಂದರೆ ಉದುರಿದ ಒಣ ಎಲೆ. ಸಿಲ್ವರ್ ಓಕ್ ಮರದ ಕೆಳಗೆ ಅದು ಹಾಸಿಗೆ ಹಾಗೆ ಬಿದ್ದಿರುತ್ತದೆ. ಅದನ್ನು ಸುಡಬೇಡಿ, ಗೊಬ್ಬರದ ಗುಂಡಿಗೆ ಹಾಕಿ.

ಬಚ್ಚಲ ಒಲೆಯ ಬೂದಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇಲ್ಲಿ ಬಹಳ ಮನೆಗಳಲ್ಲಿ ಇನ್ನೂ ಸೌದೆ ಒಲೆಯಲ್ಲೇ ಹಂಡೆ ನೀರು ಕಾಯುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ರಾತ್ರಿಯ ಬೂದಿಯನ್ನು ಬೆಳಿಗ್ಗೆ ಹಿತ್ತಲಿಗೆ ಸುರಿದೆವು. ಮೇಲೆ ತಣ್ಣಗಿತ್ತು, ಒಳಗೆ ಕೆಂಡವಿತ್ತು. ಮಧ್ಯಾಹ್ನದ ಗಾಳಿಗೆ ಬೇಲಿ ಪಕ್ಕದ ಹುಲ್ಲು ಹತ್ತಿಕೊಂಡಿತು. ಪಕ್ಕದ ಮನೆಯವರು ನೋಡಿ ಕೂಗಿದ್ದಕ್ಕೆ ಉಳಿದೆವು. ಬೂದಿಗೆ ನೀರು ಹಾಕಿ, ಕಲಸಿ, ಮತ್ತೊಮ್ಮೆ ನೀರು ಹಾಕಿ. ಆಮೇಲೆ ಹೊರಗೆ ಹಾಕಿ.

ಮನೆ ಸುತ್ತ ಹತ್ತು ಮೀಟರಿನಷ್ಟು ಒಣ ಹುಲ್ಲು, ಎಲೆ ಇರದ ಹಾಗೆ ನೋಡಿಕೊಳ್ಳಿ. ಹಂಚಿನ ಸಂದಿಯ ಎಲೆಯನ್ನೂ ತೆಗೆಸಿ. ಸೌದೆ ರಾಶಿ ಗೋಡೆಗೆ ತಾಗಿಕೊಂಡಿರುವುದು ಬೇಡ.

ಡಿಸೆಂಬರ್, ಜನವರಿಯಲ್ಲಿ ಅರಣ್ಯ ಇಲಾಖೆಯವರೇ ಕಾಡಿನಂಚಿನ ಹುಲ್ಲು ಸುಡುವುದು ಕಂಡರೆ ಗಾಬರಿಯಾಗಬೇಡಿ. ಅದು ಬೆಂಕಿ ರೇಖೆ. ಬೆಂಕಿ ಮುಂದಕ್ಕೆ ಹೋಗದಿರಲಿ ಅಂತ ಮೊದಲೇ ಮಾಡುವ ಖಾಲಿ ಪಟ್ಟಿ. ಅದನ್ನು ನೋಡಿ ನಾವೂ ಮಾಡೋಣ ಅನ್ನುವುದು ಮಾತ್ರ ಬೇಡವೇ ಬೇಡ.

ಗುಡ್ಡದಲ್ಲಿ ಹೊಗೆ ಕಂಡರೆ ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮನೆ, ತೋಟದ ಹತ್ತಿರ ಬಂದಿದ್ದರೆ 112. ‘ಗಿರಿ ಹತ್ರ ಬೆಂಕಿ’ ಅಂದರೆ ಅವರಿಗೆ ಜಾಗ ಸಿಗುವುದಿಲ್ಲ. ಹತ್ತಿರದ ಹಳ್ಳಿ, ಎಸ್ಟೇಟ್, ಗಾಳಿ ಬೀಸುವ ದಿಕ್ಕು, ಜೀಪು ಎಲ್ಲಿಯವರೆಗೆ ಹೋಗುತ್ತದೆ, ಇಷ್ಟು ಹೇಳಿ. ಬೇರೆ ಯಾರೋ ಹೇಳಿರುತ್ತಾರೆ ಅಂತ ಸುಮ್ನೆ ಇರಬೇಡಿ.

ಸೊಪ್ಪಿನ ಕೊಂಬೆ ಹಿಡಿದು ನಂದಿಸಲು ಓಡುವುದು ಒಳ್ಳೆ ಮನಸ್ಸೇ. ಆದರೂ ಹೋಗಬೇಡಿ. 2023ರ ಫೆಬ್ರವರಿಯಲ್ಲಿ ಪಕ್ಕದ ಹಾಸನ ಜಿಲ್ಲೆಯ ಸಕಲೇಶಪುರದ ಕಾಡುಮನೆ ಬಳಿ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು. ಅದೇ ಕೆಲಸ ಬಲ್ಲವರ ಪಾಡೇ ಹಾಗಾಯಿತು. ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಬೇಗ ಓಡುತ್ತದೆ. ಚಾರಣದಲ್ಲಿ ಸಿಕ್ಕಿಕೊಂಡರೆ ಮೇಲಕ್ಕೆ ಹತ್ತಬೇಡಿ. ಪಕ್ಕಕ್ಕೆ ಸರಿದು ಕೆಳಗಿಳಿಯಿರಿ. ಆಗಲೇ ಸುಟ್ಟು ಕಪ್ಪಾದ ಜಾಗ, ಬಂಡೆ, ರಸ್ತೆ ಸಿಕ್ಕರೆ ಅಲ್ಲಿ ಸೇರಿಕೊಳ್ಳಿ. ಗುಡ್ಡಕ್ಕೆ ಹೋಗುವಾಗ ಹತ್ತಿ ಬಟ್ಟೆ ಹಾಕಿ. ನೈಲಾನ್ ಕರಗಿ ಮೈಗೆ ಅಂಟುತ್ತದೆ. ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಬಿಡಿ. ಪೇಸ್ಟ್, ಶಾಯಿ ಹಚ್ಚಬೇಡಿ.

ನಿಮ್ಮಲ್ಲಿ ಚಿತ್ರದುರ್ಗ ಕಡೆಯವರೂ ಇದ್ದೀರಿ. ನಿಮ್ಮ ವಾಣಿವಿಲಾಸ ಸಾಗರಕ್ಕೆ ಬರುವ ವೇದಾವತಿ ಹುಟ್ಟುವುದು ಇದೇ ಗಿರಿಗಳಲ್ಲಿ. ಆ ಹುಲ್ಲು, ಅದರ ಸಂದಿನ ಕಣಿವೆಗಳಲ್ಲಿರುವ ಶೋಲಾ ಅನ್ನುವ ದಟ್ಟ ಕಾಡು ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತವೆ. ಬೋಳಾದ ಗುಡ್ಡದ ಮೇಲೆ ಬಿದ್ದ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಬೆಂಕಿ ಆರಿತು ಅಂದ ಮೇಲೂ ಎರಡು ಮೂರು ದಿನ ಆ ಕಡೆ ಒಂದು ಕಣ್ಣಿಡಿ. ಒಣಗಿದ ಮರದ ಬೊಡ್ಡೆ ಒಳಗೊಳಗೇ ಉರಿಯುತ್ತಿರುತ್ತದೆ, ಸಂಜೆ ಗಾಳಿಗೆ ಮತ್ತೆ ಹತ್ತಿಕೊಳ್ಳುತ್ತದೆ. ಸಣ್ಣ ಹೊಗೆ ಕಂಡರೂ ಮತ್ತೆ 1926ಕ್ಕೆ ಫೋನ್ ಮಾಡಿ.