ಬೀನ್ಸ್ ಎಲೆಗೆ ತುಕ್ಕು: ಕೊನೆಗೆ ಬದಲಿಸಿದ್ದು ಬೀಜವನ್ನು

ಎರಡು ಸಲ ಬೀನ್ಸ್ ಹಾಕಿದೆ. ಎರಡು ಸಲವೂ ಹೂ ಬಿಡುವ ಹೊತ್ತಿಗೆ ಎಲೆಯ ಅಡಿಯಲ್ಲಿ ಕಂದು ಚುಕ್ಕೆ. ಉಜ್ಜಿದರೆ ಬೆರಳಿಗೆ ತುಕ್ಕಿನಂಥ ಪುಡಿ. ತುಕ್ಕು ರೋಗವೇ ಅದು, ಶಿಲೀಂಧ್ರದ ಕೆಲಸ. ಸುಮ್ನೆ ಔಷಧಿ ಹೊಡೆಯುತ್ತಾ ಕೂತೆ, ಎಲೆ ಉದುರುವುದು ನಿಲ್ಲಲಿಲ್ಲ.

ಆಮೇಲೆ ಬೀಜದ ಪೊಟ್ಟಣ ಓದಿದೆ. ಮೊದಲೇ ಓದಬೇಕಿತ್ತು, ಅಲ್ವಾ? ‘ರೋಗ ನಿರೋಧಕ’ ಅಂತ ಇದ್ದದ್ದು ನಿಜ, ಆದರೆ ಬಿಸಿಎಂವಿ ಎಂಬ ಮೊಸಾಯಿಕ್ ವೈರಸ್‌ಗೆ ಮಾತ್ರ. ಅದು ಸಸ್ಯಹೇನು ಹರಡುವ ರೋಗ. ತುಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾವ ರೋಗಕ್ಕೆ ನಿರೋಧಕ ಅಂತ ಹೆಸರು ನೋಡಿಯೇ ಕೊಳ್ಳಬೇಕು. ಎಲೆ ಒದ್ದೆಯಾಗಿಯೇ ಇರುವ ಕಡೆ ತುಕ್ಕು, ಸೆಕೆ ಜಾಸ್ತಿಯಾದರೆ ಬ್ಯಾಕ್ಟೀರಿಯಾದ ಅಂಗಮಾರಿ, ಅಂದರೆ ಎಲೆ ಸುಟ್ಟಂತೆ ಒಣಗುವ ರೋಗ. ಕಾಯಿಯ ಮೇಲೆ ಕಪ್ಪು ಗುಳಿ ಬೀಳಿಸುವ ಚಿಬ್ಬು ರೋಗಕ್ಕೆ ತಂಪು ಬೇಕು, ಅದನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಅಂಗಮಾರಿ ಬೀಜದ ಜೊತೆಗೇ ಬರುತ್ತದೆ, ಹಾಗಾಗಿ ಹಳೆಯ ಗಿಡದ ಬೀಜ ಎತ್ತಿಡಲಿಲ್ಲ.

ಮೂರನೇ ಸಲ ತುಕ್ಕು, ಅಂಗಮಾರಿ ಎರಡನ್ನೂ ತಡೆಯುವ ತಳಿ. ಅಂತರ ಜಾಸ್ತಿ, ನೀರು ಬುಡಕ್ಕೆ ಮಾತ್ರ. ಚುಕ್ಕೆ ಅಲ್ಲೊಂದು ಇಲ್ಲೊಂದು ಬಂತು, ಗಿಡ ಸೋಲಲಿಲ್ಲ. ಬಿಸಿಲು 32 ಡಿಗ್ರಿ ದಾಟಿದಾಗ ಹೂ ಮಾತ್ರ ಉದುರಿತು. ಅದು ರೋಗವಲ್ಲ, ತಳಿಯ ನಿರೋಧಕ ಗುಣ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಿರುಬೇಸಿಗೆಗೆ ಈಗ ಮೀಟರ್ ಅಲಸಂದೆ ಬಳ್ಳಿ ಹಬ್ಬಿಸುತ್ತೇನೆ.