7 ಎಂಬಿ ತೋರಿಸಿದ ಮ್ಯಾಕ್: ಗ್ರಾಫಿಕ್ಸ್ ಕಾರ್ಡ್ ಹುಡುಕಿದ ನನ್ನ ಅನುಭವ

ನನ್ನ ಕಾರ್ಡಿನಲ್ಲಿ ಇದ್ದದ್ದು 6 ಜಿಬಿ ಮೆಮೊರಿ. ‘ಅಬೌಟ್ ದಿಸ್ ಮ್ಯಾಕ್’ ತೆರೆದು ನೋಡಿದರೆ ಅಲ್ಲಿ ಇದ್ದದ್ದು ‘ಡಿಸ್‌ಪ್ಲೇ 7 ಎಂಬಿ’.

2021ರ ಒಂದು ರಾತ್ರಿ, ಎರಡು ಗಂಟೆ ಆಗಿತ್ತು. ಮೂರು ದಿನ ಒದ್ದಾಡಿ, ನಾನೇ ಜೋಡಿಸಿದ ಪಿಸಿಗೆ ಮ್ಯಾಕ್‌ಓಎಸ್‌ನ ಬಿಗ್ ಸರ್ ಆವೃತ್ತಿ ಹಾಕಿದ್ದೆ. ಸೇಬಿನ ಗುರುತು ಬಂತು, ಡೆಸ್ಕ್‌ಟಾಪೂ ಬಂತು. ಖುಷಿಗೆ ಹೆಂಡತಿಯನ್ನು ಎಬ್ಬಿಸೋಣ ಅಂತ ಎದ್ದವನು, ಮೌಸ್ ಅಲ್ಲಾಡಿಸಿ ಮತ್ತೆ ಕೂತೆ. ವಿಂಡೋ ಹಿಡಿದು ಎಳೆದರೆ ಹಸಿ ಬಣ್ಣದ ಗೋಡೆ ಮೇಲೆ ಬಟ್ಟೆ ಎಳೆದ ಹಾಗೆ ಅಂಟಿ ಅಂಟಿ ಬರುತ್ತಿತ್ತು. ಕೆಳಗೆ ಐಕಾನ್‌ಗಳ ಸಾಲು ಇರುವ ಡಾಕ್, ಹಿಂದಿನ ಚಿತ್ರ ಮಸುಕಾಗಿ ಕಾಣುವ ಗಾಜಿನ ಹಾಗಿರಬೇಕು. ನನ್ನದು ಬೂದಿ ಬಳಿದ ಹಲಗೆಯ ಹಾಗಿತ್ತು. ಹ್ಯಾಕಿಂಟಾಷ್ ಮಾಡುವವರು, ಅಂದರೆ ಸಾಧಾರಣ ಪಿಸಿಗೆ ಮ್ಯಾಕ್‌ಓಎಸ್ ಹಾಕುವವರು, ಮೊದಲು ನೋಡುವುದೇ ಈ ಡಾಕನ್ನು. ಅದು ಪಾರದರ್ಶಕವಾಗಿ ಇಲ್ಲ ಅಂದರೆ ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಸಿಕ್ಕಿಲ್ಲ ಅಂತ ಅರ್ಥ. ಚಿತ್ರ ಬರುತ್ತದೆ, ಅಷ್ಟೇ. ಗ್ರಾಫಿಕ್ಸ್ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಹೊರುತ್ತಿರುತ್ತದೆ.

ಇಷ್ಟಕ್ಕೂ ನನಗೆ ಮ್ಯಾಕ್ ಯಾಕೆ ಬೇಕಿತ್ತು ಅಂದರೆ, ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ಕೆಲಸ ಕೊಡುವ ಸ್ಟುಡಿಯೋದವರು ಫೈನಲ್ ಕಟ್ ಪ್ರೊಗೆ ಹೋದರು. ಅವರ ಲೈಬ್ರರಿ ವಿಂಡೋಸ್‌ನಲ್ಲಿ ತೆರೆಯಲ್ಲ. ಹೊಸ ಮ್ಯಾಕ್ ತಗೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಲಾಕ್‌ಡೌನ್ ಸಮಯದಲ್ಲಿ ಕಟ್ಟಿದ ಒಂದು ಪಿಸಿ ಇತ್ತು: ಇಂಟೆಲ್ ಐ5 10400, 16 ಜಿಬಿ ರ್‍ಯಾಮ್, ಎನ್‌ವಿಡಿಯಾ ಜಿಟಿಎಕ್ಸ್ 1660. ಆಪಲ್ ತನ್ನ ಲೈಸೆನ್ಸ್‌ನಲ್ಲಿ ಮ್ಯಾಕ್‌ಓಎಸ್ ಅನ್ನು ತನ್ನ ಕಂಪ್ಯೂಟರ್ ಮೇಲೆ ಮಾತ್ರ ಹಾಕಬೇಕು ಅಂತ ಬರೆದಿದೆ. ಅದು ಗೊತ್ತಿದ್ದೇ ಈ ಕೆಲಸಕ್ಕೆ ಇಳಿದೆ, ಸುಮ್ನೆ ಮುಚ್ಚಿಡೋದು ಬೇಡ.

1660 ಯಾಕೆ ನಡೆಯಲಿಲ್ಲ ಅಂತ ಮರುದಿನ ಗೊತ್ತಾಯಿತು. ಎನ್‌ವಿಡಿಯಾದವರು ಮ್ಯಾಕ್‌ಗೆ ಬೇರೆಯಾಗಿ ಕೊಡುತ್ತಿದ್ದ ಡ್ರೈವರ್ ಮ್ಯಾಕ್‌ಓಎಸ್‌ನ ಹೈ ಸಿಯೆರಾಗೆ, ಅಂದರೆ 10.13ಕ್ಕೆ, ನಿಂತುಹೋಯಿತು. 2018ರಲ್ಲಿ ಅದರ ಮುಂದಿನ ಆವೃತ್ತಿ ಮೊಹಾವೆ ಬಂದಾಗ ಅದಕ್ಕೆ ಡ್ರೈವರ್ ಬರಲೇ ಇಲ್ಲ. ನನ್ನ 1660 ಬಂದದ್ದು 2019ರಲ್ಲಿ. ಅಂದರೆ ಅದು ಹುಟ್ಟುವ ಮೊದಲೇ ಬಾಗಿಲು ಮುಚ್ಚಿತ್ತು. ಯಾವ ಕೆಕ್ಸ್ಟ್ (ಮ್ಯಾಕ್‌ಓಎಸ್‌ಗೆ ಸೇರಿಸುವ ಡ್ರೈವರ್ ಥರದ ತುಣುಕು) ಹಾಕಿದರೂ, ಯಾವ ಪ್ಯಾಚ್ ಮಾಡಿದರೂ ಇಲ್ಲದ ಡ್ರೈವರ್ ಎಲ್ಲಿಂದ ಬರಬೇಕು? ಎನ್‌ವಿಡಿಯಾದ ಹಳೇ ಕೆಪ್ಲರ್ ಚಿಪ್ಪಿನ ಕಾಲದ ಕಾರ್ಡುಗಳು ಮಾತ್ರ ಬಿಗ್ ಸರ್‌ವರೆಗೆ ನಡೆದವು. ಯಾಕೆ ಗೊತ್ತಾ? 2013ರ ಐಮ್ಯಾಕ್‌ನಲ್ಲಿ, 2014ರ ಮ್ಯಾಕ್‌ಬುಕ್ ಪ್ರೊದಲ್ಲಿ ಆಪಲ್‌ನವರೇ ಆ ಚಿಪ್ ಹಾಕಿದ್ದರು. ತಮ್ಮ ಮೆಷೀನಿಗೆ ಬೇಕಾದ್ದರಿಂದ ಡ್ರೈವರ್ ಇಟ್ಟುಕೊಂಡಿದ್ದರು. ಬಿಗ್ ಸರ್ ನಂತರದ ಮಾಂಟೆರೇನಲ್ಲಿ ಅದನ್ನೂ ತೆಗೆದರು.

ನನಗೆ ತಲೆಗೆ ಹೊಳೆದದ್ದು ಇಲ್ಲಿ. ‘ಈ ಕಾರ್ಡ್ ಮ್ಯಾಕ್‌ನಲ್ಲಿ ನಡೆಯುತ್ತಾ’ ಅಂತ ಕೇಳೋದೇ ತಪ್ಪು. ‘ಈ ಕಾರ್ಡಿನ ಚಿಪ್ಪನ್ನು ಆಪಲ್ ತನ್ನ ಯಾವ ಮೆಷೀನಿನಲ್ಲಿ ಹಾಕಿ ಮಾರಿದೆ’ ಅಂತ ಕೇಳಬೇಕು. ಎಎಂಡಿ ಕಂಪನಿಯ ಆರ್‌ಎಕ್ಸ್ 580 ನಡೆಯುತ್ತದೆ, ಯಾಕಂದರೆ 2017ರ ಐಮ್ಯಾಕ್‌ನಲ್ಲಿ ಅದರ ಅಣ್ಣತಮ್ಮಂದಿರಿದ್ದಾರೆ. ವೇಗಾ 56, 64 ನಡೆಯುತ್ತವೆ, ಐಮ್ಯಾಕ್ ಪ್ರೊ ದಯೆ. 5500 ಎಕ್ಸ್‌ಟಿ, 5700 ಎಕ್ಸ್‌ಟಿ ನಡೆಯುತ್ತವೆ, 2020ರ 27 ಇಂಚಿನ ಐಮ್ಯಾಕ್‌ನಲ್ಲಿ ಅವು ಇದ್ದವು. 6800, 6900 ಎಕ್ಸ್‌ಟಿ ಒಳಗಿರುವ ನಾವಿ 21 ಚಿಪ್ ಮ್ಯಾಕ್ ಪ್ರೊಗೆ ಬಂತು, 6600 ಒಳಗಿರುವ ನಾವಿ 23 ಕೂಡ ಬಂತು. ನಡುವೆ ಇರುವ 6700 ಎಕ್ಸ್‌ಟಿಯದ್ದು ನಾವಿ 22. ಅದನ್ನು ಆಪಲ್ ಯಾವ ಮೆಷೀನಿಗೂ ಹಾಕಲಿಲ್ಲ. ಹಾಗಾಗಿ 6600 ನಡೆಯುತ್ತದೆ, ಅದಕ್ಕಿಂತ ದುಬಾರಿಯಾದ 6700 ಎಕ್ಸ್‌ಟಿ ನಡೆಯಲ್ಲ! ಈಚೆಗೆ ನೂಟ್‌ಆರ್‌ಎಕ್ಸ್ ಅನ್ನುವ ಕೆಕ್ಸ್ಟ್ ಹಾಕಿ ಅದನ್ನೂ ಓಡಿಸುವವರಿದ್ದಾರೆ. ಆದರೆ ಅದು ಹೊರಗಿನಿಂದ ಹಾಕಿದ ತೇಪೆ. ದುಡಿಮೆಯ ಮೆಷೀನಿಗೆ ನಾನಂತೂ ಹಾಕಲ್ಲ. 7000 ಸರಣಿಯ ಕಾರ್ಡುಗಳ ಮಾತೇ ಬೇಡ, ಅವು ಬರುವ ಹೊತ್ತಿಗೆ ಆಪಲ್ ತನ್ನದೇ ಚಿಪ್ಪಿಗೆ ಹೋಗಿಯಾಗಿತ್ತು.

ಇದೆಲ್ಲ ಗೊತ್ತಾದರೂ ತಕ್ಷಣ ಕಾರ್ಡ್ ತಗೊಳ್ಳಲು ಆಗಲಿಲ್ಲ. ಆಗ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸುವ ಮೈನಿಂಗ್ ಭರಾಟೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೆಲೆ ಕೇಳಿದರೆ ಅಂಗಡಿಯವರೇ ನಗುತ್ತಿದ್ದರು. ಅದೃಷ್ಟಕ್ಕೆ ನನ್ನ ಪ್ರೊಸೆಸರ್ ಒಳಗೇ ಯುಎಚ್‌ಡಿ 630 ಗ್ರಾಫಿಕ್ಸ್ ಇತ್ತು. ಇಂಟೆಲ್ ಹತ್ತನೇ ತಲೆಮಾರಿನವರೆಗೆ ಅದಕ್ಕೆ ಮ್ಯಾಕ್‌ನಲ್ಲಿ ಡ್ರೈವರ್ ಇದೆ, ಹನ್ನೊಂದರಿಂದ ಮೇಲೆ ಇಲ್ಲ. ಹೊರಗಿನ ಕಾರ್ಡ್ ಮ್ಯಾಕ್‌ಗೆ ಕಾಣದ ಹಾಗೆ ಒಂದು ಬೂಟ್ ಆರ್ಗ್ಯುಮೆಂಟ್, ಅಂದರೆ ಮೆಷೀನ್ ಆನ್ ಆಗುವಾಗ ಕೊಡುವ ಸೂಚನೆ, ಹಾಕಿ, ಎಚ್‌ಡಿಎಂಐ ಕೇಬಲ್ಲನ್ನು ಮದರ್‌ಬೋರ್ಡಿಗೆ ಚುಚ್ಚಿದೆ. ಡಾಕ್ ಫಳಫಳ ಹೊಳೆಯಿತು. ನನ್ನ ಸ್ನೇಹಿತನೊಬ್ಬ ಸ್ವಲ್ಪ ದುಡ್ಡು ಉಳಿಸಲು 10400ಎಫ್ ತಗೊಂಡಿದ್ದ. ಆ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಸರಿಯಾದ ಕಾರ್ಡ್ ಸಿಗುವ ತನಕ ಅವನು ಸುಮ್ನೆ ಕೂರಬೇಕಾಯಿತು.

ಒಂದು ವರ್ಷ ಹಾಗೇ ತಳ್ಳಿದೆ. ಒಂದು ಕ್ಯಾಮೆರಾದ ವಿಡಿಯೋ ಪರವಾಗಿಲ್ಲ. ಮುಹೂರ್ತಕ್ಕೆ ಮೂರು ಕ್ಯಾಮೆರಾ ಇಟ್ಟು 4ಕೆ ತೆಗೆದಿದ್ದರೆ ಟೈಮ್‌ಲೈನ್ ಎಡವಿ ಎಡವಿ ಓಡುತ್ತಿತ್ತು. ಮಾಂಗಲ್ಯ ಧಾರಣೆ ಯಾವ ಫ್ರೇಮಿನಲ್ಲಿ ಆಯಿತು ಅಂತ ಹುಡುಕುವುದೇ ಒಂದು ಕೆಲಸ.

2022ರ ಸೆಪ್ಟೆಂಬರಿನಲ್ಲಿ ಎಥಿರಿಯಮ್ ಅನ್ನುವ ಕ್ರಿಪ್ಟೊ ನಾಣ್ಯ ತನ್ನ ಪದ್ಧತಿ ಬದಲಿಸಿತು. ಕಾರ್ಡ್ ಇಟ್ಟು ಅದನ್ನು ಮೈನ್ ಮಾಡುವುದು ನಿಂತಿತು. ಹಳೇ ಕಾರ್ಡುಗಳು ಸಂತೆಗೆ ಬಂದ ಹಾಗೆ ಮಾರಾಟಕ್ಕೆ ಬಂದವು. ಆರ್‌ಎಕ್ಸ್ 580 8 ಜಿಬಿ, ಏಳು ಸಾವಿರ ಅಂತ ಒಂದು ಜಾಹೀರಾತು ನೋಡಿ ಮಾರುವವನ ಮನೆಗೇ ಹೋದೆ. ‘ಮೈನಿಂಗ್ ಎಲ್ಲ ಮಾಡಿಲ್ಲ ಸರ್, ಬರೀ ಗೇಮ್ ಆಡ್ತಿದ್ದೆ’ ಅಂದ. ಅವನ ಹಿಂದೆ ಕಪಾಟಿನ ಮೇಲೆ ಅದೇ ಥರದ ಇನ್ನೂ ಐದು ಕಾರ್ಡ್ ಇದ್ದವು. ಆರು ಕಾರ್ಡಿನಲ್ಲಿ ಒಬ್ಬನೇ ಅದ್ಯಾವ ಗೇಮ್ ಆಡ್ತಿದ್ದನೋ! ಆಗಲೇ ಎದ್ದು ಬರಬೇಕಿತ್ತು. ಆಸೆ ನೋಡಿ, ದುಡ್ಡು ಕೊಟ್ಟು ತಂದೆ.

ಮನೆಗೆ ಬಂದು ವಿಂಡೋಸ್‌ನಲ್ಲಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಓಡಿಸಿದೆ. ಅಸಲಿ 580ಯಲ್ಲಿ ಶೇಡರ್, ಅಂದರೆ ಚಿತ್ರದ ಲೆಕ್ಕ ಮಾಡುವ ಘಟಕ, 2304 ಇರಬೇಕು, ಚಿಪ್ಪಿನ ಗುರುತಾದ ಡಿವೈಸ್ ಐಡಿ 67ಡಿಎಫ್ ಅಂತ ಇರಬೇಕು. ನನಗೆ ಕಂಡದ್ದು 2048 ಮತ್ತು 6ಎಫ್‌ಡಿಎಫ್. ಇದು ‘580 2048ಎಸ್‌ಪಿ’. ಪೆಟ್ಟಿಗೆ ಮೇಲೆ 580, ಒಳಗೆ 570ರ ಅಳತೆ. ಈ ಐಡಿ ಮ್ಯಾಕ್‌ಗೆ ಪರಿಚಯ ಇಲ್ಲ. ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಓಪನ್‌ಕೋರ್‌ನ ಕಾನ್ಫಿಗ್ ಫೈಲಿನಲ್ಲಿ ಅಸಲಿ 580ಯ ಐಡಿ ಕೊಟ್ಟು ವೇಷ ಹಾಕಿಸಬಹುದು. ಹಾಕಿಸಿದೆ, ನಡೆಯಿತು ಕೂಡ. ಆದರೆ ಎಕ್ಸ್‌ಪೋರ್ಟ್‌ಗೆ ಹಾಕಿ ಟೀ ಕುಡಿದು ಬರುವಷ್ಟರಲ್ಲಿ ಪರದೆ ತುಂಬ ಹಸಿರು ಚೌಕಗಳು, ಮೆಷೀನ್ ರೀಸ್ಟಾರ್ಟ್. ಮೈನಿಂಗ್ ಮಾಡುವವರು ಮೆಮೊರಿ ವೇಗ ಹೆಚ್ಚಿಸಲು ಕಾರ್ಡಿನ ಬಯೋಸನ್ನೇ ತಿದ್ದಿರುತ್ತಾರೆ. ಇದರಲ್ಲೂ ಹಾಗೇ ಆಗಿತ್ತು ಅಂತ ನನ್ನ ಅನುಮಾನ. ವಾಪಸ್ ಕೊಂಡೊಯ್ದೆ. ಜಗಳಾಡಿದ ಮೇಲೆ ಐದು ಸಾವಿರ ಕೊಟ್ಟ. ಎರಡು ಸಾವಿರ ನನ್ನ ಟ್ಯೂಷನ್ ಫೀಸ್ ಅಂತ ಲೆಕ್ಕ ಬರೆದುಕೊಂಡೆ. ಈಗ ಯಾರಾದರೂ ಹಳೇ ಕಾರ್ಡ್ ತಗೊಳ್ಳುವುದಾದರೆ ನಾನು ಹೇಳುವುದು ಒಂದೇ: ಮಾರುವವನ ಎದುರಿಗೇ ಜಿಪಿಯು-ಝಡ್ ಓಡಿಸಿ ಆ ಎರಡು ಸಾಲು ನೋಡಿ. ಆರ್‌ಎಕ್ಸ್ 550ಯಲ್ಲೂ ಇದೇ ಕಥೆ. ಅದರಲ್ಲಿ ಬಾಫಿನ್ ಚಿಪ್ಪಿನದೂ ಇದೆ, ಲೆಕ್ಸಾ ಚಿಪ್ಪಿನದೂ ಇದೆ. ಹೊರಗೆ ಹೆಸರು ಒಂದೇ. ಲೆಕ್ಸಾಗೆ ಮ್ಯಾಕ್‌ನಲ್ಲಿ ಡ್ರೈವರ್ ಇಲ್ಲ.

ಕೊನೆಗೆ ಹೊಸದೇ ತಗೊಳ್ಳೋಣ ಅಂತ ಆರ್‌ಎಕ್ಸ್ 6600 ತಂದೆ. ಸುಮಾರು 23 ಸಾವಿರ ಆಯಿತು. 8 ಜಿಬಿ ಮೆಮೊರಿ, 132 ವಾಟ್. 580 ಆಗಿದ್ದರೆ 185 ವಾಟ್ ಎಳೆಯುತ್ತಿತ್ತು. ನನ್ನದು 450 ವಾಟಿನ ಪವರ್ ಸಪ್ಲೈ, ಅದನ್ನು ಬದಲಿಸುವ ಖರ್ಚು ತಪ್ಪಿತು. 6650 ಎಕ್ಸ್‌ಟಿಯಲ್ಲೂ ಇದೇ ನಾವಿ 23 ಇದೆ, ಆದರೆ ಅದರ ಐಡಿ ಬೇರೆ, ಮತ್ತೆ ವೇಷ ಹಾಕಿಸಬೇಕು. ಒಮ್ಮೆ ಸುಟ್ಟುಕೊಂಡವನು ನಾನು, ಬೇಡ ಅಂದೆ.

ಕಾರ್ಡ್ ಕೂರಿಸಿ ಆನ್ ಮಾಡಿದೆ. ‘ಡಿಸ್‌ಪ್ಲೇ 7 ಎಂಬಿ’.

ಎದೆ ಧಸಕ್ ಅಂತು. ಅರ್ಧ ಗಂಟೆ ಆದಮೇಲೆ ಗೊತ್ತಾಯಿತು, ನಾನು ಓದುವಾಗ ಅರ್ಧ ಸಾಲು ಬಿಟ್ಟಿದ್ದೆ. 6600ಕ್ಕೆ ಡ್ರೈವರ್ ಬಂದದ್ದು ಮಾಂಟೆರೇ 12.1ರಲ್ಲಿ. ನಾನಿನ್ನೂ ಬಿಗ್ ಸರ್‌ನಲ್ಲೇ ಕೂತಿದ್ದೆ. ಚಿಪ್ ಸರಿ ಇದ್ದರೆ ಸಾಲದು, ಯಾವ ಆವೃತ್ತಿಯಿಂದ ಅಂತಲೂ ನೋಡಬೇಕು. 6800 ಆಗಿದ್ದರೆ 11.4ಕ್ಕೇ ನಡೆಯುತ್ತಿತ್ತು, 5700 ಆಗಿದ್ದರೆ ಇನ್ನೂ ಹಿಂದೆ ಕ್ಯಾಟಲಿನಾದಲ್ಲೇ.

ಮಾಂಟೆರೇಗೆ ಅಪ್‌ಡೇಟ್ ಹಾಕಿದೆ. ರೀಸ್ಟಾರ್ಟ್ ಆಯಿತು, ಸೇಬು ಬಂತು, ಕೆಳಗಿನ ಗೆರೆ ಅರ್ಧ ತುಂಬಿತು, ಆಮೇಲೆ ಪರದೆ ಕಪ್ಪು. ಫ್ಯಾನ್ ತಿರುಗುತ್ತಿದೆ, ಕೀಬೋರ್ಡ್ ದೀಪ ಉರಿಯುತ್ತಿದೆ, ಚಿತ್ರ ಮಾತ್ರ ಇಲ್ಲ. ವಿಚಿತ್ರ ಅಂದರೆ ಇದು ಒಳ್ಳೆಯ ಲಕ್ಷಣ. ಡ್ರೈವರ್ ಸಿಕ್ಕಿದೆ, ಅದು ಕಾರ್ಡನ್ನು ಕೈಗೆ ತಗೊಳ್ಳುವ ಹೊತ್ತಿಗೆ ಜಗಳ ಆಗಿದೆ. ಓಪನ್‌ಕೋರ್ ನನ್ನ ಪಿಸಿಯನ್ನು 2020ರ ಐಮ್ಯಾಕ್ ಅಂತ ಹೇಳಿ ನಂಬಿಸಿರುತ್ತದೆ. ಆಪಲ್‌ನ ಗ್ರಾಫಿಕ್ಸ್ ಪಾಲಿಸಿ ಬೋರ್ಡಿನ ಗುರುತು ನೋಡಿ, ಈ ಐಮ್ಯಾಕ್‌ಗೆ ಪರದೆ ಹೀಗೆ ಜೋಡಿಸಿರಬೇಕು ಅಂತ ತನ್ನ ನಿಯಮ ಹಾಕುತ್ತದೆ. ನಮ್ಮಲ್ಲಿ ಹಾಗಿಲ್ಲವಲ್ಲ. ನಾವಿ ಕಾರ್ಡುಗಳಿಗೆಲ್ಲ ಈ ಕಾಟ ಇದೆ. ಮದ್ದು ಒಂದೇ ಪದ: ‘ಎಜಿಡಿಪಿಮಾಡ್=ಪಿಕೆರಾ’. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಓಪನ್‌ಕೋರ್ ಇರುವ ಪೆನ್‌ಡ್ರೈವ್ ಹಾಕಿ ಬೂಟ್ ಆರ್ಗ್ಯುಮೆಂಟ್ ಸಾಲಿಗೆ ಅದನ್ನು ಸೇರಿಸಿದೆ. ಹಿಂದೆ ಕಾರ್ಡ್ ಮುಚ್ಚಿಡಲು ಹಾಕಿದ್ದ ಆರ್ಗ್ಯುಮೆಂಟನ್ನು ಮೊದಲೇ ತೆಗೆದಿದ್ದೆ, ನೀವೂ ಅದನ್ನು ಮರೆಯಬೇಡಿ. ಲಿಲು ಮತ್ತು ವಾಟೆವರ್‌ಗ್ರೀನ್ ಎರಡೂ ಕೆಕ್ಸ್ಟ್ ಇದ್ದರೆ ಮಾತ್ರ ಈ ಪದಕ್ಕೆ ಬೆಲೆ.

ಈ ಸಲ ಗೆರೆ ಪೂರ್ತಿ ತುಂಬಿತು. ‘ಎಎಂಡಿ ರೇಡಿಯಾನ್ ಆರ್‌ಎಕ್ಸ್ 6600 8 ಜಿಬಿ’.

ಆಮೇಲೆ ಇನ್ನೊಂದು ಸಣ್ಣ ಕೆಲಸ ಉಳಿದಿತ್ತು. ಒಳಗಿನ ಯುಎಚ್‌ಡಿ 630ಯನ್ನು ಪೂರ್ತಿ ಆಫ್ ಮಾಡಬಾರದು. ಐಮ್ಯಾಕ್ ಅಂತ ಹೇಳಿಕೊಂಡ ಮೇಲೆ ಅದೂ ಇರುತ್ತದೆ ಅಂತ ಮ್ಯಾಕ್‌ಓಎಸ್ ನಂಬಿರುತ್ತದೆ. ಅದಕ್ಕೆ ಪರದೆ ಇಲ್ಲದ, ಹೆಡ್‌ಲೆಸ್ ಅನ್ನುವ ಪ್ಲಾಟ್‌ಫಾರ್ಮ್ ಐಡಿ ಕೊಟ್ಟರೆ ಅದು ಹಿಂದೆ ನಿಂತು ವಿಡಿಯೋ ಎನ್‌ಕೋಡ್ ಕೆಲಸಕ್ಕೆ ಕೈ ಹಚ್ಚುತ್ತದೆ. ಆಕ್ಟಿವಿಟಿ ಮಾನಿಟರ್‌ನಲ್ಲಿ ಜಿಪಿಯು ಹಿಸ್ಟರಿ ತೆರೆದರೆ ಎರಡೂ ಗ್ರಾಫ್ ಏರಿ ಇಳಿಯುವುದು ಕಾಣುತ್ತದೆ. ಮೊದಲ ದಿನ ಎಕ್ಸ್‌ಪೋರ್ಟ್ ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದೆ. ಮೂರು ಕ್ಯಾಮೆರಾದ ಮುಹೂರ್ತ ಈಗ ತಡವರಿಸದೆ ಓಡುತ್ತದೆ.

1660 ಅಕ್ಕನ ಮಗನ ಪಿಸಿಗೆ ಹೋಯಿತು. ಅವನಿಗೆ ಬೇಕಾದ್ದು ವಿಂಡೋಸ್ ಮತ್ತು ಗೇಮ್, ಅದರಲ್ಲಿ ಅದು ಚೆನ್ನಾಗೇ ಇದೆ.

2025ರ ಜೂನ್‌ನಲ್ಲಿ ಆಪಲ್ ಹೇಳಿತು, ಟಾಹೋ ಅನ್ನುವ 26ನೇ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಅಂತ. ಅಲ್ಲಿಗೆ ನಮ್ಮ ಆಟವೂ ಮುಗಿಯಿತು. ನನ್ನ ಮೆಷೀನ್ ಸದ್ಯ ಸೊನೋಮಾದಲ್ಲಿದೆ, ಆಟೋ ಅಪ್‌ಡೇಟ್ ಆಫ್. ಮನೆಯಲ್ಲಿ ಆಗಲೇ ಹತ್ತನೇ ತಲೆಮಾರಿನ ಪಿಸಿ ಇದ್ದು, 6600 ಕಡಿಮೆಗೆ ಸಿಕ್ಕರೆ ಈಗಲೂ ಮಾಡಬಹುದು. ಇದಕ್ಕೆಂದೇ ಹೊಸದಾಗಿ ಎಲ್ಲ ಕೊಳ್ಳುವುದು ನನಗೆ ಸರಿ ಕಾಣಲ್ಲ. ಹೋದ ತಿಂಗಳು ಸ್ಟುಡಿಯೋದ ಹುಡುಗನೊಬ್ಬ ‘ಅಣ್ಣಾ, ನಂಗೂ ಒಂದು ಕಾರ್ಡ್ ನೋಡಿ ಕೊಡಿಸಿ’ ಅಂತ ಎಸ್‌ಪಿ ರೋಡಿಗೆ ಕರೆದುಕೊಂಡು ಹೋದ. ಎರಡು ಅಂಗಡಿ ಸುತ್ತಿದ ಮೇಲೆ ಅವನಿಗೆ ಆಪಲ್‌ನದೇ ಎಂ1 ಚಿಪ್ ಇರುವ ಸೆಕೆಂಡ್‌ಹ್ಯಾಂಡ್ ಮ್ಯಾಕ್ ಮಿನಿ ಕೊಡಿಸಿ ಬಂದೆ.